ಸೊಳ್ಳೆ ಕಡಿತಕ್ಕೆ ಮನೆಮದ್ದು: ಎಳೆ ಮಗು ಇರುವ ಮನೆಗೆ ಯಾವುದು ಸರಿ, ಯಾವುದು ಬೇಡ?

ಪುಟ್ಟಿಯ ಅಮ್ಮ, ಕೆಂಗೇರಿ

ಎಲ್ಲರಿಗೂ ನಮಸ್ಕಾರ. ನಮ್ಮ ಮಗಳಿಗೆ ಈಗ ಹತ್ತು ತಿಂಗಳು. ಮಳೆ ಹಿಡಿದ ಮೇಲೆ ಸೊಳ್ಳೆ ಕಾಟ ವಿಪರೀತ ಆಗಿದೆ. ಕೆನ್ನೆ, ಕೈ, ಕಾಲು ಎಲ್ಲಾ ಕಡೆ ಗಂದೆ ಎದ್ದಿದೆ. ರಾತ್ರಿ ನಿದ್ದೆಯಲ್ಲೇ ಕೆರೆದುಕೊಂಡು ಅಳುತ್ತಾಳೆ. ನೋಡಿದರೆ ಹೊಟ್ಟೆ ಉರಿಯುತ್ತದೆ.

ಕಾಯಿಲ್ ಹಚ್ಚೋಕೆ ಮನಸ್ಸಿಲ್ಲ. ಲಿಕ್ವಿಡ್ ಮೆಷಿನ್ ಹಾಕಿದರೆ ನನಗೇ ಗಂಟಲು ಕೆರೆತ. ನಮ್ಮತ್ತೆ ಬೇವಿನ ಸೊಪ್ಪಿನ ಹೊಗೆ ಹಾಕು ಅನ್ನುತ್ತಾರೆ. ಅಮ್ಮ ಕೊಬ್ಬರಿ ಎಣ್ಣೆಗೆ ಕರ್ಪೂರ ಪುಡಿ ಮಾಡಿ ಕಲಸಿ ಹಚ್ಚು ಅನ್ನುತ್ತಾರೆ. ಪಕ್ಕದ ಮನೆಯವರು ಕಡಿತದ ಮೇಲೆ ಸುಣ್ಣ ಇಡಿ ಎಂದರು. ವಾಟ್ಸಾಪ್‌ನಲ್ಲಿ ಬೆಳ್ಳುಳ್ಳಿ, ನಿಂಬೆರಸ, ಟೂತ್‌ಪೇಸ್ಟ್ ಅಂತ ದಿನಕ್ಕೊಂದು ಬರುತ್ತದೆ. ಕಚ್ಚದ ಹಾಗೆ ಏನು ಮಾಡಬೇಕು, ಕಚ್ಚಿದ ಮೇಲೆ ಏನು ಹಚ್ಚಬೇಕು? ಮಾಡಿ ನೋಡಿದವರು ದಯವಿಟ್ಟು ಹೇಳಿ.

ಶಿರಸಿ ಸೀಮೆ

ತಂಗಿ, ನಿಮ್ಮತ್ತೆ ಹೇಳಿದ್ದು ಸುಳ್ಳಲ್ಲ. ನಮ್ಮ ಕಡೆ ಮಳೆಗಾಲದಲ್ಲಿ ನುಸಿ ಕಾಟಕ್ಕೆ ದನಗಳು ನಿಂತಲ್ಲಿ ನಿಲ್ಲುವುದಿಲ್ಲ. ಸಂಜೆ ಕೊಟ್ಟಿಗೆಯಲ್ಲಿ ಅಡಿಕೆ ಸಿಪ್ಪೆ ಹೊತ್ತಿಸಿ, ಉರಿ ಆರಿ ಕೆಂಡ ಆದ ಮೇಲೆ ಹಸಿ ಲಕ್ಕಿ ಸೊಪ್ಪು ಹಾಕುತ್ತೇವೆ. ಬೇವು ನಮ್ಮಲ್ಲಿ ಕಡಿಮೆ, ಬಯಲುಸೀಮೆಯವರಿಗೆ ಅದು ಸಿಗುತ್ತದೆ. ನಮಗೆ ಲಕ್ಕಿಯೇ ಸೈ. ತುಂಬೆ ಗಿಡವನ್ನೂ ಬುಡಸಮೇತ ಕಿತ್ತು ಹಾಕುವುದುಂಟು. ಹೊಗೆ ಇರುವಷ್ಟು ಹೊತ್ತು ನುಸಿ ಹತ್ತಿರ ಸುಳಿಯುವುದಿಲ್ಲ.

ಕಚ್ಚಿದ ಜಾಗಕ್ಕೆ ನಾವು ಗಂಧದ ಕೊರಡು ತೇಯ್ದು ಹಚ್ಚುತ್ತೇವೆ. ಲೋಳೆಸರದ ಎಲೆ ಸೀಳಿ ಒಳಗಿನ ತಿರುಳು ಸವರಿದರೂ ಉರಿ ಇಳಿಯುತ್ತದೆ. ಎಲೆ ಕತ್ತರಿಸಿದಾಗ ಮೊದಲು ಹಳದಿ ಹಾಲು ಸೋರುತ್ತದಲ್ಲ, ಅದನ್ನ ಪೂರ್ತಿ ಸುರಿದು ಹೋಗಲು ಬಿಡಿ. ಅದು ಮೈಗೆ ತಾಗಿದರೆ ಇನ್ನೂ ತುರಿಕೆ.

ತಾಲೂಕು ವೈದ್ಯೆ, ಹಾಸನ ಕಡೆ

ಮಕ್ಕಳ ವೈದ್ಯೆಯಾಗಿ ಬರೆಯುತ್ತಿದ್ದೇನೆ. ಬೇಡದ್ದನ್ನ ಮೊದಲು ಹೇಳಿಬಿಡುತ್ತೇನೆ, ಅದೇ ತುರ್ತು.

ಕರ್ಪೂರ ಬೇಡವೇ ಬೇಡ. ಅದು ಚರ್ಮದ ಮೂಲಕವೂ ಒಳಗೆ ಇಳಿಯುತ್ತದೆ. ಹತ್ತು ತಿಂಗಳ ಮಗು ಕೈಯನ್ನ ಬಾಯಿಗೆ ಹಾಕದೇ ಇರುತ್ತದೆಯೇ? ಸ್ವಲ್ಪವೇ ಹೊಟ್ಟೆಗೆ ಹೋದರೂ ಮಕ್ಕಳಿಗೆ ಫಿಟ್ಸ್ ಬರಬಹುದು. ನೀಲಗಿರಿ ಎಣ್ಣೆಗೂ ಇದೇ ಮಾತು, ಮೂಗಿನ ಹತ್ತಿರ ಹಚ್ಚುವುದು, ದಿಂಬಿಗೆ ಸವರುವುದು ಎರಡೂ ಬೇಡ. ಕರ್ಪೂರದ ಡಬ್ಬಿ ದೇವರ ಮನೆಯ ಕೆಳಗಿನ ಗೂಡಿನಲ್ಲಿ ಇದ್ದರೆ ಇವತ್ತೇ ಮೇಲಕ್ಕೆ ಎತ್ತಿಡಿ.

ಸುಣ್ಣ ಚರ್ಮವನ್ನ ಸುಡುತ್ತದೆ. ಹಸಿ ಬೆಳ್ಳುಳ್ಳಿ ಜಜ್ಜಿ ಇಟ್ಟರೆ ಬೊಬ್ಬೆ ಏಳುತ್ತದೆ. ನಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಆ ಜಾಗ ಸುಟ್ಟು ಕಪ್ಪು ಕಲೆ ಉಳಿಯುತ್ತದೆ. ಟೂತ್‌ಪೇಸ್ಟ್ ತಂಪು ಅನಿಸುವುದು ಪುದೀನ ಸತ್ವದಿಂದ, ಆಮೇಲೆ ಅದೇ ಕೆರಳಿಸುತ್ತದೆ.

ಇನ್ನು ತುರಿಕೆ ಯಾಕೆ ಬರುತ್ತದೆ ಅಂತ ತಿಳಿದರೆ ಮದ್ದು ಯಾವುದು ಅಂತ ತಾನಾಗಿ ಗೊತ್ತಾಗುತ್ತದೆ. ಕಚ್ಚುವುದು ಹೆಣ್ಣು ಸೊಳ್ಳೆ ಮಾತ್ರ, ಮೊಟ್ಟೆ ಕಟ್ಟಲು ಅದಕ್ಕೆ ರಕ್ತ ಬೇಕು. ರಕ್ತ ಹೆಪ್ಪುಗಟ್ಟದಿರಲಿ ಅಂತ ತನ್ನ ಜೊಲ್ಲನ್ನ ಚರ್ಮದೊಳಗೆ ಬಿಡುತ್ತದೆ. ಆ ಜೊಲ್ಲನ್ನ ಎದುರಿಸಲು ನಮ್ಮ ಮೈ ಹಿಸ್ಟಮಿನ್ ಬಿಡುಗಡೆ ಮಾಡುತ್ತದೆ. ಊತ, ಕೆಂಪು, ತುರಿಕೆ ಎಲ್ಲಾ ಅದರದ್ದೇ ಕೆಲಸ. ಎಳೆ ಮಕ್ಕಳಿಗೆ ಈ ಜೊಲ್ಲು ಹೊಸದು, ಅದಕ್ಕೇ ದೊಡ್ಡವರಿಗಿಂತ ಜಾಸ್ತಿ ಊದುತ್ತದೆ. ಬೆಳೆಯುತ್ತಾ ಕಡಿಮೆ ಆಗುತ್ತದೆ.

ಹಾಗಾಗಿ ಬೇಕಾದ್ದು ತಂಪು. ಸೋಪು ನೀರಿನಲ್ಲಿ ಮೆಲ್ಲಗೆ ತೊಳೆದು, ತಣ್ಣೀರಿನಲ್ಲಿ ಅದ್ದಿದ ಮೆತ್ತನೆ ಬಟ್ಟೆಯನ್ನ ಹತ್ತು ನಿಮಿಷ ಇಡಿ. ಐಸ್ ನೇರವಾಗಿ ಇಡಬೇಡಿ. ಲೋಳೆಸರ ಆಗಬಹುದು, ಶಿರಸಿಯ ಅಮ್ಮ ಹೇಳಿದ ಹಾಗೆ ಹಳದಿ ಹಾಲು ತೆಗೆದು. ಮೊದಲು ಮೊಣಕೈ ಒಳಗೆ ಸ್ವಲ್ಪ ಹಚ್ಚಿ ಒಂದು ದಿನ ನೋಡಿ. ಮೆಡಿಕಲ್ ಶಾಪ್‌ನ ಕ್ಯಾಲಮೈನ್ ಲೋಷನ್ ಕೂಡ ಸರಿ. ಮಗುವಿನ ಉಗುರು ಚಿಕ್ಕದಾಗಿ ಕತ್ತರಿಸಿಡಿ, ಕೆರೆದ ಗಾಯವೇ ಆಮೇಲೆ ಕೀವಾಗುವುದು. ಕೆಂಪು ಹರಡುತ್ತಾ ಹೋದರೆ, ಮುಟ್ಟಿದರೆ ಬಿಸಿ ಇದ್ದರೆ, ಕೀವು ಕಂಡರೆ ಡಾಕ್ಟರ್ ಹತ್ತಿರ ತೋರಿಸಿ.

ದೊಡ್ಡವರಿಗೆ ಇನ್ನೊಂದು ಇದೆ. ಒಂದು ಚಮಚ ಅಡುಗೆ ಸೋಡಾಕ್ಕೆ ಗಟ್ಟಿ ಪೇಸ್ಟ್ ಆಗುವಷ್ಟೇ ನೀರು ಹಾಕಿ, ಕಡಿತದ ಮೇಲೆ ಹಚ್ಚಿ, ಹತ್ತು ನಿಮಿಷದಲ್ಲಿ ತೊಳೆಯಿರಿ. ತುರಿಕೆ ತಗ್ಗುತ್ತದೆ. ಮಗುವಿಗೆ ಬೇಡ.

ತಾರಸಿ ತೋಟ, ಜಯನಗರ

ಗಿಡದ ವಿಷಯ ನಾನು ಹೇಳುತ್ತೇನೆ. ನರ್ಸರಿಗಳಲ್ಲಿ 'ಸೊಳ್ಳೆ ಓಡಿಸುವ ಗಿಡ' ಅಂತ ಬೋರ್ಡ್ ಹಾಕಿ ಸಿಟ್ರೊನೆಲ್ಲಾ, ಮಜ್ಜಿಗೆ ಹುಲ್ಲು ಮಾರುತ್ತಾರೆ. ಬಾಲ್ಕನಿಯಲ್ಲಿ ಕುಂಡ ಸುಮ್ನೆ ಇಟ್ಟರೆ ಒಂದು ಸೊಳ್ಳೆಯೂ ಓಡಲ್ಲ. ಎಣ್ಣೆ ಇರುವುದು ಎಲೆಯೊಳಗೆ, ಎಲೆ ಹಿಸುಕಿದರೆ ತಾನೇ ಹೊರಗೆ ಬರುವುದು? ಸಿಟ್ರೊನೆಲ್ಲಾ ಎಣ್ಣೆ ಮೈಗೆ ಹಚ್ಚಿದರೂ ಬೇಗ ಆವಿಯಾಗುತ್ತದೆ. ಒಂದೆರಡು ಗಂಟೆ ಕೆಲಸ ಮಾಡಿದರೆ ಹೆಚ್ಚು. ತುಳಸಿ, ಪುದೀನ ಬೆಳೆಸಿ, ಒಳ್ಳೆಯದೇ. ಆದರೆ ಅವು ಕಾವಲು ಕಾಯುತ್ತವೆ ಅಂತ ಕಿಟಕಿ ತೆರೆದಿಡಬೇಡಿ.

ಕುಂಡದ ಕೆಳಗಿನ ತಟ್ಟೆಯಲ್ಲಿ ನಿಂತ ನೀರು ನೋಡಿದ್ದೀರಾ? ಗಿಡ ಇಟ್ಟವರ ಮನೆಯಲ್ಲೇ ಸೊಳ್ಳೆ ಜಾಸ್ತಿ ಆಗುವುದು ಅಲ್ಲಿಂದ.

ಫ್ಯಾನ್ ಬಗ್ಗೆ ಯಾರೂ ಹೇಳಲಿಲ್ಲ. ಸೊಳ್ಳೆಗೆ ಗಾಳಿಗೆ ಎದುರು ಹಾರುವ ಶಕ್ತಿ ಇಲ್ಲ. ಜೊತೆಗೆ ನಾವು ಬಿಡುವ ಉಸಿರು, ಮೈ ಬಿಸಿ, ಬೆವರಿನ ವಾಸನೆ ಹಿಡಿದು ಅದು ನಮ್ಮನ್ನ ಹುಡುಕುತ್ತದೆ. ಫ್ಯಾನ್ ಗಾಳಿ ಅದನ್ನೆಲ್ಲಾ ಚದುರಿಸುತ್ತದೆ. ಸಂಜೆ ವರಾಂಡದಲ್ಲಿ ಕೂತಾಗ ಕಾಲಿನ ಮಟ್ಟಕ್ಕೆ ಒಂದು ಟೇಬಲ್ ಫ್ಯಾನ್ ಇಟ್ಟು ನೋಡಿ.

ಶಿರಸಿ ಸೀಮೆ

ಡಾಕ್ಟ್ರೇ, ಹೊಗೆಯ ಬಗ್ಗೆ ನೀವು ಏನೂ ಹೇಳಲಿಲ್ಲ. ನಮ್ಮ ಅಜ್ಜಿ ಬಾಣಂತಿ ಕೋಣೆಗೂ ಸಾಂಬ್ರಾಣಿ ಹೊಗೆ ಹಾಕುತ್ತಿದ್ದರು.

ತಾಲೂಕು ವೈದ್ಯೆ, ಹಾಸನ ಕಡೆ

ಅಮ್ಮ, ನಿಮ್ಮ ಕೊಟ್ಟಿಗೆ ನಾಲ್ಕೂ ಕಡೆ ತೆರೆದಿರುತ್ತದೆ. ಅಲ್ಲಿ ಲಕ್ಕಿ ಹೊಗೆ ಹಾಕುವುದು ಸರಿಯೇ, ಸೊಳ್ಳೆಯೂ ದೂರ ಇರುತ್ತದೆ. ಇವರದ್ದು ಬೆಂಗಳೂರಿನ ಫ್ಲಾಟ್. ಸೊಳ್ಳೆ ಬರುತ್ತದೆ ಅಂತ ಕಿಟಕಿ ಮುಚ್ಚಿ, ಒಳಗೆ ಹೊಗೆ ಹಾಕಿ, ಅದೇ ಕೋಣೆಯಲ್ಲಿ ಮಗುವನ್ನ ಮಲಗಿಸುತ್ತಾರೆ. ಬೇವಿನ ಹೊಗೆ ಆದರೂ ಶ್ವಾಸಕೋಶಕ್ಕೆ ಹೋಗುವುದು ಹೊಗೆಯೇ. ಉಬ್ಬಸ ಇರುವ ಮಕ್ಕಳನ್ನ ಹೀಗೆ ಹೊಗೆ ಕುಡಿಸಿ ರಾತ್ರಿ ಎತ್ತಿಕೊಂಡು ಬಂದವರನ್ನ ನಾನು ನೋಡುತ್ತಲೇ ಇದ್ದೇನೆ. ಕಾಯಿಲ್ ಕೂಡ ಬೇರೆ ಅಲ್ಲ. ಒಂದು ಕಾಯಿಲ್ ಪೂರ್ತಿ ಉರಿದರೆ 75ರಿಂದ 137 ಸಿಗರೇಟಿನಷ್ಟು ಸಣ್ಣ ಕಣ ಗಾಳಿಗೆ ಸೇರುತ್ತದೆ ಅಂತ 2003ರಲ್ಲಿ ಬಂದ ಅಧ್ಯಯನವೊಂದು ಲೆಕ್ಕ ಹಾಕಿದೆ.

ಹಾಕಲೇಬೇಕು ಅನಿಸಿದರೆ ಮಗುವನ್ನ ಬೇರೆ ಕಡೆ ಕರೆದೊಯ್ದು ಹೊಗೆ ಹಾಕಿ. ಹೊಗೆ ಪೂರ್ತಿ ಹೋದ ಮೇಲೆ ಒಳಗೆ ಕರೆತನ್ನಿ.

ಇನ್ನೊಂದು ಮಾತು, ಇದು ಮುಖ್ಯ. ಹೊಗೆ ಹಾಕುವುದು ಮುಸ್ಸಂಜೆಗೆ. ಡೆಂಗಿ ತರುವ ಈಡಿಸ್ ಸೊಳ್ಳೆ ಹಗಲು ಕಚ್ಚುತ್ತದೆ. ಬೆಳಗ್ಗೆ ಬೆಳಕು ಹರಿದ ಮೇಲೆ ಕೆಲವು ಗಂಟೆ, ಮತ್ತೆ ಸಂಜೆ ಕತ್ತಲಾಗುವ ಮುಂಚೆ ಅದರ ಹಾವಳಿ ಜಾಸ್ತಿ. ರಾತ್ರಿ ಒಂದಕ್ಕೇ ಪರದೆ ಕಟ್ಟಿದರೆ ಸಾಲದು. ಮಗು ಬೆಳಗ್ಗೆ ಹತ್ತಕ್ಕೆ ಮಲಗಿದರೂ, ಮಧ್ಯಾಹ್ನ ಮಲಗಿದರೂ ಪರದೆಯೊಳಗೆ ಮಲಗಿಸಿ. ಈ ವಯಸ್ಸಿಗೆ ಇದಕ್ಕಿಂತ ದೊಡ್ಡ ಮನೆಮದ್ದು ಇಲ್ಲ. ತೆಳು ಬಣ್ಣದ, ಕೈಕಾಲು ಮುಚ್ಚುವ ಹತ್ತಿ ಬಟ್ಟೆ ಹಾಕಿ.

ಗಾಂಧಿಬಜಾರ್ ಹುಡುಗ

ಕಾಯಿಲ್ ಬೇಡ ಅಂತ 'ಬೇವು', 'ಹರ್ಬಲ್' ಅಂತ ಬರೆದ ಸೊಳ್ಳೆ ಅಗರಬತ್ತಿ ತರುವವರಿಗೆ ಒಂದು ಮಾತು. ಅಂಥ ಎಷ್ಟೋ ಬತ್ತಿಗಳಲ್ಲಿ ಅನುಮತಿ ಇಲ್ಲದ ಕೀಟನಾಶಕ ಸಿಕ್ಕಿದೆ. ಪೊಟ್ಟಣದ ಮೇಲೆ ಸಿಐಆರ್ ಸಂಖ್ಯೆ, ಅಂದರೆ ಕೇಂದ್ರ ಕೀಟನಾಶಕ ಮಂಡಳಿಯ ನೋಂದಣಿ ಸಂಖ್ಯೆ ಇದೆಯಾ ನೋಡಿ. ಇಲ್ಲದಿದ್ದರೆ ಮುಟ್ಟಬೇಡಿ. ಹಚ್ಚಿದ ತಕ್ಷಣ ಸೊಳ್ಳೆ ಪಟಪಟ ಬೀಳುತ್ತವೆ ಅಂದರೆ ಅದರಲ್ಲಿ ಬರೀ ಬೇವು ಇರಲು ಸಾಧ್ಯವಾ?

ಡಲ್ಲಾಸ್ ಕನ್ನಡತಿ

ಇಲ್ಲೂ ಸೊಳ್ಳೆ ಇದೆ. 2012ರಲ್ಲಿ ಡಲ್ಲಾಸ್ ಸುತ್ತಮುತ್ತ ವೆಸ್ಟ್ ನೈಲ್ ಜ್ವರ ಜೋರಾಗಿ ಬಂದಿತ್ತು, ವಿಮಾನದಿಂದ ಮದ್ದು ಸಿಂಪಡಿಸಿದ್ದರು. ಗಿಡಮೂಲದ್ದೇ ಬೇಕು ಅನ್ನುವವರಿಗೆ ಇಲ್ಲಿನ ಆರೋಗ್ಯ ಇಲಾಖೆ ಒಪ್ಪುವುದು ಲೆಮನ್ ಯೂಕಲಿಪ್ಟಸ್ ಎಣ್ಣೆಯಿಂದ ಮಾಡಿದ, ಪಿಎಂಡಿ ಎಂಬ ಅಂಶ ಇರುವ ಲೋಷನ್. ಅದು ಗಂಟೆಗಟ್ಟಲೆ ಕೆಲಸ ಮಾಡುತ್ತದೆ. ನಮ್ಮ ಊಟಿ ಕಡೆಯ ನೀಲಗಿರಿ ಎಣ್ಣೆ ಬೇರೆ ಮರದ್ದು, ಅದರಲ್ಲಿ ಈ ಗುಣ ಅಷ್ಟಿಲ್ಲ. ಲೆಮನ್ ಯೂಕಲಿಪ್ಟಸ್ ಅಂತ ಬರೆದ ಬರೀ ಸುಗಂಧ ಎಣ್ಣೆಯೂ ಇದಲ್ಲ. ಇಂಡಿಯಾದಿಂದ ಬರುವ ಅಪ್ಪ ಅಮ್ಮನಿಗೆ ನಾನು ಇದನ್ನೇ ಕೊಡುತ್ತೇನೆ. ಆದರೆ ಪುಟ್ಟಿಯ ಅಮ್ಮ, ಮೂರು ವರ್ಷ ತುಂಬದ ಮಕ್ಕಳಿಗೆ ಇದನ್ನ ಹಚ್ಚುವ ಹಾಗಿಲ್ಲ. ಲೇಬಲ್ ಮೇಲೇ ಬರೆದಿರುತ್ತದೆ.

ಸುಳ್ಯದ ಕೃಷಿಕ

ನಮ್ಮ ದಕ್ಷಿಣ ಕನ್ನಡದವರು 2008ರ ಚಿಕನ್‌ಗುನ್ಯಾ ಮರೆಯುವುದಿಲ್ಲ. ಮನೆ ಮನೆಯಲ್ಲೂ ಗಂಟು ನೋವು ಹಿಡಿದು ಮಲಗಿದ್ದರು. ತೋಟಕ್ಕೆ ಹೋಗುವ ಜನವೇ ಇರಲಿಲ್ಲ. ಆ ವರ್ಷ ಎಲ್ಲರೂ ಎಲ್ಲಾ ಮದ್ದೂ ಮಾಡಿದೆವು. ಕಹಿಬೇವು, ಅಮೃತಬಳ್ಳಿ ಕಷಾಯ, ಎಣ್ಣೆ, ಹೊಗೆ. ಸೊಳ್ಳೆ ಕಡಿಮೆ ಆಗಲಿಲ್ಲ, ಯಾಕೆಂದರೆ ಅದು ಹುಟ್ಟುತ್ತಿದ್ದದ್ದು ನಮ್ಮ ತೋಟದೊಳಗೇ.

ಅಡಿಕೆ ಮರದಿಂದ ಬಿದ್ದ ಹಾಳೆ ಅಂಗಾತ ಬಿದ್ದರೆ ಅದರೊಳಗೆ ನೀರು ನಿಲ್ಲುತ್ತದೆ. ರಬ್ಬರ್ ಮರಕ್ಕೆ ಕಟ್ಟಿದ ಚಿಪ್ಪು, ಇಲಿ ಅಥವಾ ಅಳಿಲು ಕೊರೆದು ಬಿದ್ದ ಕೊಕ್ಕೊ ಕಾಯಿ, ತೆಂಗಿನ ಗೆರಟೆ, ಅಡಿಕೆ ಮುಚ್ಚಿದ ಟಾರ್ಪಾಲಿನ ಮಡಿಕೆ, ಎಲ್ಲದರಲ್ಲೂ ಮರಿ. ಈಡಿಸ್‌ಗೆ ಒಂದು ಗೆರಟೆ ನೀರು ಧಾರಾಳ. ಈಗ ನಾವು ಮಳೆಗಾಲದಲ್ಲಿ ರಬ್ಬರ್ ಟ್ಯಾಪಿಂಗ್ ಇಲ್ಲದಾಗ ಚಿಪ್ಪುಗಳನ್ನ ಮಗುಚಿ ಇಡುತ್ತೇವೆ. ಹಾಳೆ ಹೆಕ್ಕಿ ಹಾಕುವುದು ವಾರದ ಕೆಲಸ. ತೋಟದ ಕೆಲಸಕ್ಕೆ ಇಳಿಯುವಾಗ ಕೈಕಾಲಿಗೆ ಬೇವಿನೆಣ್ಣೆ ಕಲಸಿದ ಕೊಬ್ಬರಿ ಎಣ್ಣೆ ಸವರುತ್ತೇವೆ, ಅದು ಬಿಟ್ಟಿಲ್ಲ.

ಮಂಗಳೂರು ಪೇಟೆಯ ಕಥೆ ಇನ್ನೊಂದು. ಅಲ್ಲಿ ಕಟ್ಟಡ ಕಟ್ಟುವ ಜಾಗದ ನೀರು, ತಾರಸಿಯ ಟ್ಯಾಂಕುಗಳಲ್ಲಿ ಹುಟ್ಟುವ ಅನಾಫಿಲಿಸ್ ಸೊಳ್ಳೆಯಿಂದ ಮಲೇರಿಯಾ ಬಹಳ ವರ್ಷ ಕಾಡಿತು. ಸೊಳ್ಳೆ ಯಾವುದು, ಎಲ್ಲಿ ಹುಟ್ಟುತ್ತದೆ ಅಂತ ನೋಡದೆ ಮದ್ದು ಹುಡುಕಿದರೆ ಪ್ರಯೋಜನ ಇಲ್ಲ ಮಾರಾಯ್ರೆ.

ಬಾಗಲಕೋಟಿ ಮಾಸ್ತರ್

ಸುಳ್ಯದ ಅಣ್ಣಾರ ಮಾತು ಖರೆ. ಅವರಲ್ಲಿ ಮಳೆ ಜಾಸ್ತಿಯಾಗಿ ಸೊಳ್ಳೆ, ನಮ್ಮಲ್ಲಿ ನೀರು ಕಡಿಮೆಯಾಗಿ ಸೊಳ್ಳೆ. ನಳದಾಗ ನೀರು ಎಷ್ಟೋ ದಿನಕ್ಕೊಮ್ಮೆ ಬರುತ್ತದೆ. ಬಂದಾಗ ಬ್ಯಾರಲ್, ಕೊಡ, ಹೌದು (ನೀರಿನ ತೊಟ್ಟಿ), ಸಿಕ್ಕಿದ್ದರಲ್ಲೆಲ್ಲ ತುಂಬಿ ಇಡಬೇಕು. ಇಟ್ಟ ನೀರು ಚೆಲ್ಲಿ ಅಂತ ಯಾರಿಗೆ ಹೇಳಲಿ? ಹೊಟ್ಟೆಗೆ ನೀರಿಲ್ಲದ ಊರಿನಲ್ಲಿ ಅದು ಹೇಳುವ ಮಾತಲ್ಲ.

ಅದಕ್ಕೆ ನಾವು ಶಾಲೆಯಲ್ಲಿ ಮಕ್ಕಳಿಗೆ ಬೇರೆ ರೀತಿ ಕಲಿಸಿದ್ದೇವೆ. ಬ್ಯಾರಲ್ ಬಾಯಿಗೆ ಹಳೆ ಧೋತರ ಅಥವಾ ಸೀರೆ ಎರಡು ಪದರ ಮಾಡಿ ಬಿಗಿಯಾಗಿ ಕಟ್ಟಬೇಕು. ತಗಡಿನ ಮುಚ್ಚಳ ಸಂದು ಬಿಡುತ್ತದೆ, ಬಟ್ಟೆ ಬಿಡುವುದಿಲ್ಲ. ನೀರು ಖಾಲಿಯಾದ ದಿನ ಬ್ಯಾರಲ್ ಒಳಗಿನ ಗೋಡೆಯನ್ನ ಗುಂಜಿನಿಂದ ಗಟ್ಟಿ ತಿಕ್ಕಬೇಕು. ಈಡಿಸ್ ಮೊಟ್ಟೆ ಇಡುವುದು ನೀರಿನ ಅಂಚಿನ ಮೇಲೆ, ಗೋಡೆಗೆ ಅಂಟಿಸಿ. ಆ ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಸಾಯುವುದಿಲ್ಲ. ಮತ್ತೆ ನೀರು ತಾಗಿದರೆ ಮರಿ. ಬರೀ ನೀರು ಚೆಲ್ಲಿ ಮತ್ತೆ ತುಂಬಿದರೆ ಕೆಲಸ ಆಗಿಲ್ಲ ಅಂತಲೇ ಲೆಕ್ಕ. ಮೊಟ್ಟೆಯಿಂದ ರೆಕ್ಕೆ ಬರುವ ತನಕ ಎಂಟು ಹತ್ತು ದಿನ ಬೇಕು, ಹಾಗಾಗಿ ವಾರಕ್ಕೊಮ್ಮೆ ತಿಕ್ಕಿದರೆ ಸಾಕು.

ಹಳೇ ಬೆಂಗಳೂರು

ಈ ಮಾತಿಗೆ ನಮ್ಮ ಊರಿನದ್ದೇ ಒಂದು ಹಳೆಯ ಕಥೆ ಇದೆ. ಮಲೇರಿಯಾ ಸೊಳ್ಳೆಯಿಂದ ಹರಡುತ್ತದೆ ಅಂತ ತೋರಿಸಿ 1902ರಲ್ಲಿ ನೊಬೆಲ್ ಪಡೆದ ರೊನಾಲ್ಡ್ ರಾಸ್ 1883ರಲ್ಲಿ ಬೆಂಗಳೂರಿನ ದಂಡಿನಲ್ಲಿ ಡಾಕ್ಟರ್ ಆಗಿದ್ದರು. ಬೇರೆಯವರ ಬಂಗಲೆಗಿಂತ ಅವರ ಬಂಗಲೆಯಲ್ಲಿ ಸೊಳ್ಳೆ ಹೆಚ್ಚು. ಹುಡುಕಿದರೆ ಕಿಟಕಿಯ ಹೊರಗೇ ಒಂದು ನೀರಿನ ತೊಟ್ಟಿ, ಅದರ ತುಂಬಾ ಮರಿ. ತೊಟ್ಟಿ ಬೋರಲು ಹಾಕಿಸಿದರು, ಸೊಳ್ಳೆ ಇಳಿಯಿತು. ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ರೋಗಾಣು ಅವರಿಗೆ ಕಂಡದ್ದು ಆಮೇಲೆ, 1897ರ ಆಗಸ್ಟ್ 20ರಂದು, ಸಿಕಂದರಾಬಾದಿನಲ್ಲಿ.

ಈಗ ಇದು ಕಾನೂನು ಕೂಡ. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನ ಸಾಂಕ್ರಾಮಿಕ ಅಂತ ಘೋಷಿಸಿ ದಂಡ ಗೊತ್ತು ಮಾಡಿತು. ಸೊಳ್ಳೆ ಮರಿಗೆ ಜಾಗ ಕೊಟ್ಟ ಮನೆಗೆ ನಗರದಲ್ಲಿ 400 ರೂಪಾಯಿ, ಹಳ್ಳಿಯಲ್ಲಿ 200. ಕಟ್ಟಡ ಕಟ್ಟುವ ಜಾಗಕ್ಕೆ ನಗರದಲ್ಲಿ 2000. ನನಗೆ ಕೇಳಿದರೆ ಕಟ್ಟಡದವರಿಗೆ ಇನ್ನೂ ಹೆಚ್ಚಿಡಬೇಕಿತ್ತು. ಒಂದು ನೆಲಮಾಳಿಗೆಯ ನೀರು ಇಡೀ ರಸ್ತೆಯ ಮಕ್ಕಳನ್ನ ಮಲಗಿಸುತ್ತದೆ.

ಪುಟ್ಟಿಯ ಅಮ್ಮ, ಕೆಂಗೇರಿ

ಎಷ್ಟು ಪ್ರೀತಿಯಿಂದ ಬರೆದಿದ್ದೀರಿ ಎಲ್ಲರೂ. ಕರ್ಪೂರ ಎತ್ತಿಟ್ಟೆ, ಅಮ್ಮನಿಗೂ ಫೋನ್ ಮಾಡಿ ಹೇಳಿದೆ. ಪರದೆ ಈಗ ಹಗಲೂ ಇದೆ. ಮನೆಯೆಲ್ಲಾ ಹುಡುಕಿದಾಗ ಮನಿ ಪ್ಲಾಂಟ್ ಬಾಟಲಿಯಲ್ಲಿ, ಫ್ರಿಜ್ ಹಿಂದಿನ ಟ್ರೇಯಲ್ಲಿ ಮರಿ ಕುಣಿಯುತ್ತಿದ್ದವು. ಎರಡೂ ತೊಳೆದಾಯಿತು. ಮೇಲಿನ ಮನೆಯ ಖಾಲಿ ಫ್ಲಾಟಿನ ಬಾಲ್ಕನಿಯಲ್ಲಿ ಬಕೆಟ್ ಇದೆ, ಓನರ್ ಊರಿನಲ್ಲಿಲ್ಲ. ಅಸೋಸಿಯೇಷನ್‌ಗೆ ಬರೆದಿದ್ದೇನೆ, ಇನ್ನೂ ಉತ್ತರ ಬಂದಿಲ್ಲ.

ಡಾಕ್ಟ್ರೇ, ಬೇವಿನೆಣ್ಣೆ ಮಗುವಿಗೆ ಹಚ್ಚಬಹುದಾ? ಮತ್ತೆ ಜ್ವರ ಬಂದರೆ ಪಪ್ಪಾಯಿ ಎಲೆ ರಸ ಕೊಡಿ ಅಂತ ಎಲ್ಲರೂ ಹೇಳುತ್ತಾರೆ, ಅದು?

ತಾಲೂಕು ವೈದ್ಯೆ, ಹಾಸನ ಕಡೆ

ಬೇವಿನೆಣ್ಣೆ ದೊಡ್ಡವರಿಗೆ ಸರಿ. 1993ರಲ್ಲಿ ನಮ್ಮ ದೇಶದ ಮಲೇರಿಯಾ ಸಂಶೋಧಕರು ಕೊಬ್ಬರಿ ಎಣ್ಣೆಗೆ ನೂರಕ್ಕೆ ಎರಡು ಪಾಲು ಬೇವಿನೆಣ್ಣೆ ಕಲಸಿ ಪರೀಕ್ಷಿಸಿದ್ದರು. ಮಲೇರಿಯಾ ಸೊಳ್ಳೆಯ ಮೇಲೆ ರಾತ್ರಿಯಿಡೀ ಕೆಲಸ ಮಾಡಿತ್ತು. ಆದರೆ ಎಲ್ಲಾ ಸೊಳ್ಳೆಗೂ ಅಷ್ಟು ಗಟ್ಟಿ ಅಲ್ಲ, ಡೆಂಗಿ ಇರುವ ಊರಿನಲ್ಲಿ ಇದೊಂದನ್ನೇ ನಂಬಬೇಡಿ. ಎಳೆ ಮಗುವಿಗೆ ಹಚ್ಚಬೇಡಿ. ಬಾಯಿಗೆ ಒಂದು ಹನಿಯೂ ಹೋಗಬಾರದು. ಹಸುಗೂಸುಗಳಿಗೆ ಬೇವಿನೆಣ್ಣೆ ಕುಡಿಸಿ ಪ್ರಾಣಕ್ಕೆ ಕುತ್ತು ಬಂದ ಪ್ರಕರಣಗಳು ದಾಖಲಾಗಿವೆ.

ಜ್ವರ ಬಂದರೆ ಮನೆಮದ್ದಿನಲ್ಲಿ ದಿನ ಕಳೆಯಬೇಡಿ. ಇಷ್ಟು ಸಣ್ಣ ಮಗುವನ್ನ ಅವತ್ತೇ ಡಾಕ್ಟರ್‌ಗೆ ತೋರಿಸಿ. ಪ್ಯಾರಾಸಿಟಮಾಲ್ ಮಾತ್ರ, ಅದೂ ತೂಕಕ್ಕೆ ತಕ್ಕ ಹಾಗೆ ಅವರು ಹೇಳಿದಷ್ಟು. ಐಬುಪ್ರೊಫೆನ್, ಆಸ್ಪಿರಿನ್ ಬೇಡ, ಡೆಂಗಿ ಆಗಿದ್ದರೆ ರಕ್ತಸ್ರಾವ ಜಾಸ್ತಿ ಆಗುತ್ತದೆ. ಪಪ್ಪಾಯಿ ಎಲೆ ರಸದಿಂದ ಪ್ಲೇಟ್‌ಲೆಟ್ ಏರುತ್ತದೆ ಅಂತ ಕಾಯುತ್ತಾ ಕೂತವರು ತಡವಾಗಿ ಬರುತ್ತಾರೆ. ಡೆಂಗಿಯಲ್ಲಿ ಜೀವ ಉಳಿಸುವುದು ಮೈಗೆ ಸರಿಯಾದ ಅಳತೆಯಲ್ಲಿ ನೀರಿನಂಶ ಕೊಡುವುದು. ಜ್ವರ ಇಳಿಯಿತು ಅಂತ ಸಮಾಧಾನ ಪಡುವ ಹೊತ್ತಿನಲ್ಲೇ ಕಷ್ಟ ಶುರುವಾಗುವುದು. ಬಿಡದೆ ವಾಂತಿ, ಹೊಟ್ಟೆ ನೋವು, ಒಸಡಿನಲ್ಲಿ ರಕ್ತ, ಕೈಕಾಲು ತಣ್ಣಗಾಗುವುದು, ಮಗು ಮಂಕಾಗುವುದು ಕಂಡರೆ ರಾತ್ರಿ ಅಂತ ನೋಡಬೇಡಿ, ಆಸ್ಪತ್ರೆಗೆ ಓಡಿ.

ಮೇಲಿನ ಬಕೆಟ್ ಬಗ್ಗೆ ಉತ್ತರ ಕಾಯಬೇಡಿ. ಆಶಾ ಕಾರ್ಯಕರ್ತೆಗೋ ವಾರ್ಡಿನ ಆರೋಗ್ಯ ನಿರೀಕ್ಷಕರಿಗೋ ಹೇಳಿ. ಈಡಿಸ್ ದೂರ ಹಾರುವ ಸೊಳ್ಳೆ ಅಲ್ಲ, ಆ ಬಕೆಟಿನದ್ದು ನಿಮ್ಮ ಮನೆಗೇ ಬರುತ್ತದೆ.

ಬಾಗಲಕೋಟಿ ಮಾಸ್ತರ್

ತಾರಸಿ ತೋಟದವರೇ, ಶಾಲೆಯ ಕೈತೋಟಕ್ಕೆ ನೀರು ನಿಲ್ಲಿಸುವ ದೊಡ್ಡ ಹೌದು ಇದೆ. ಅದನ್ನ ವಾರಕ್ಕೊಮ್ಮೆ ಖಾಲಿ ಮಾಡಲು ಆಗುವುದಿಲ್ಲ. ಮೀನು ಬಿಟ್ಟರೆ ನಡೆಯುತ್ತದಾ?

ತಾರಸಿ ತೋಟ, ಜಯನಗರ

ಚೆನ್ನಾಗಿ ನಡೆಯುತ್ತದೆ ಸರ್. ಸೊಳ್ಳೆ ಮರಿ ತಿನ್ನುವ ಗಪ್ಪಿ ಮೀನು ಬಿಡಿ. ಕೋಲಾರ, ಹಾಸನ ಜಿಲ್ಲೆಯ ಹಳ್ಳಿಗಳಲ್ಲಿ ಮಲೇರಿಯಾ ತಡೆಯಲು ಬಾವಿಗಳಿಗೆ ಗಪ್ಪಿ ಬಿಟ್ಟೇ ಗೆದ್ದಿದ್ದಾರೆ. ಮೊದಲು ನಿಮ್ಮ ಆರೋಗ್ಯ ಇಲಾಖೆಯಲ್ಲಿ ಕೇಳಿ, ಎಷ್ಟೋ ಕಡೆ ಪುಕ್ಕಟೆ ಕೊಡುತ್ತಾರೆ. ನನ್ನ ತಾವರೆ ತೊಟ್ಟಿಯಲ್ಲಿ ಅವೇ ಇರುವುದು, ಮರಿ ಹಾಕಿ ತಾವಾಗಿ ಹೆಚ್ಚುತ್ತವೆ. ಹೌದಿಗೆ ಬ್ಲೀಚಿಂಗ್ ಪೌಡರ್ ಹಾಕುವ ರೂಢಿ ಇದ್ದರೆ ನಿಲ್ಲಿಸಿ, ಮೀನು ಸಾಯುತ್ತವೆ. ಪಾಚಿ, ಕಸ ದಟ್ಟವಾಗಿದ್ದರೆ ತೆಗೆಯಿರಿ, ಸೊಳ್ಳೆ ಮರಿಗಳು ಅದರ ಸಂದಿಯಲ್ಲಿ ಅಡಗುತ್ತವೆ. ಹೆಚ್ಚಾದ ಮೀನನ್ನ ಹತ್ತಿರದ ಕೆರೆಗೆ ಮಾತ್ರ ಬಿಡಬೇಡಿ, ಅಲ್ಲಿನ ನಾಟಿ ಮೀನು, ಕಪ್ಪೆ ಮರಿಗೆ ತೊಂದರೆ. ಇನ್ನೊಂದು ಶಾಲೆಯ ಹೌದಿಗೆ ಕೊಡಿ.